ಬನ್ನಮ್ಮನ ಹಿಟ್ಟು ಕಾಲೇಜಿಗೆ ಹೋದ ಕತೆ

ಏಯ್, ಯಾರ್ಯಾರಿದೀರ ಅಲ್ಲಿ? ಕಿಟಕಿ ತೆಗೀರಿ, ಟಿವಿ ಸೌಂಡ್ ಕಮ್ಮಿ ಮಾಡಿ. ಮಹಡಿ ಮೇಲೆ ಬಟ್ಟೆ ಒಣಹಾಕ್ತಾ ಇರೋರು ಹಂಗೇ ಗೋಡೆಗೆ ಒರಗಿ ನಿಂತ್ಕೊಳ್ಳಿ. ನಮ್ಮ ದೊಡ್ಡಮ್ಮ ಇವತ್ತು ಕಾಲೇಜಿಗೆ ಹೋಗಿ ಬಂದ್ಲು. ಓದೋಕಲ್ಲ, ಹಿಟ್ಟು ತಗೊಂಡು. ಬೀದಿ ಗ್ರೂಪಿಗೆ ಹಾಕ್ತಿರೋ ಈ ವಾಯ್ಸ್ ನೋಟ್ ಉದ್ದ ಇದೆ, ಪಾತ್ರೆ ತೊಳೀತಾ ಕೇಳಿ.

ದೊಡ್ಡಮ್ಮ ಗೊತ್ತಲ್ಲ, ಮೂಲೆ ಬೇಕರಿಯವಳು. ಮುಂದೆ ಗಾಜಿನ ಕೌಂಟರು, ಹಿಂದೆ ಓವನ್ನು, ನಡುವೆ ತಗಡು ಹೊದಿಸಿದ ಒಂದು ಉದ್ದ ಮೇಜು. ಆ ಮೇಜೇ ಅವಳ ರಾಜ್ಯ. ಓವನ್ ಕಡೆ ದೊಡ್ಡಪ್ಪ ಇರ್ತಾರೆ, ಉದ್ದ ಹಿಡಿಯ ಮರದ ಹಲಗೆ ಹಿಡ್ಕೊಂಡು. ಅವರು ಮಾತಾಡೋದು ಅಪರೂಪ. ಬಾಯಿ ಬಿಟ್ರೆ ಓವನ್ ಬಿಸಿ ಹೊರಗೆ ಹೋಗುತ್ತೆ ಅನ್ನೋ ಹಂಗೆ ಇರ್ತಾರೆ. ಬೀದಿಯವರೆಲ್ಲ ದೊಡ್ಡಮ್ಮನ್ನ ಹಿಂದಿನಿಂದ ಬನ್ನಮ್ಮ ಅಂತಾರೆ, ಮುಂದೆ ಬಂದ್ರೆ ಅಮ್ಮಾವ್ರೇ ಅಂತಾರೆ. ಅವಳಿಗೆ ಎರಡೂ ಗೊತ್ತು.

ಅವಳ ಹೆಬ್ಬೆರಳು ಒಂದು ವಿಚಿತ್ರ. ನಾದಿಟ್ಟ ಹಿಟ್ಟನ್ನ ಹೆಬ್ಬೆರಳಲ್ಲಿ ಒತ್ತಿ ನೋಡ್ತಾಳೆ. ಗುಳಿ ತಟ್ಟಂತ ಮೇಲೆದ್ರೆ ಇನ್ನೂ ಕಾಯಬೇಕು. ಮೆಲ್ಲಗೆ ಎದ್ರೆ ಓವನ್ನಿಗೆ ರೆಡಿ. ಏಳ್ಲೇ ಇಲ್ಲ ಅಂದ್ರೆ ಹಿಟ್ಟಿನ ಕತೆ ಮುಗೀತು. ಇಷ್ಟು ವರ್ಷ ಒತ್ತಿ ಒತ್ತಿ ಈಗ ಆ ಬೆರಳು ಅವಳ ಮಾತೇ ಕೇಳಲ್ಲ. ಯಾರ ಮನೆಗೆ ಹೋದ್ರೂ ಸೋಫಾ ಒತ್ತುತ್ತೆ, ದಿಂಬು ಒತ್ತುತ್ತೆ, ಮಗು ಕೊಟ್ರೆ ಕೆನ್ನೆ ಒತ್ತುತ್ತೆ. ಒಂದ್ಸಲ ದೊಡ್ಡಪ್ಪನ ಸ್ನೇಹಿತರೊಬ್ಬರನ್ನ ನೋಡೋಕೆ ಆಸ್ಪತ್ರೆಗೆ ಹೋಗಿದ್ವಿ. ಅವರ ಕಾಲು ಊದಿತ್ತು. ದೊಡ್ಡಮ್ಮ ಮಂಚದ ಹತ್ರ ಹೋಗಿದ್ದೇ ಒತ್ತಿದ್ಲು, ಗುಳಿ ನೋಡಿದ್ಲು, ದೊಡ್ಡಪ್ಪನ ಕಡೆ ತಿರುಗಿ ಇವರಿಗೆ ಇನ್ನೂ ಸ್ವಲ್ಪ ಹೊತ್ತು ಬೇಕು ಅಂದ್ಲು. ಪಾಪ ಆ ಮನುಷ್ಯ ಅವತ್ತೆಲ್ಲ ನಿದ್ದೆ ಮಾಡಲಿಲ್ಲವಂತೆ.

ಹಿಟ್ಟು ಅಂದ್ರೆ ಅವಳಿಗೆ ಜೀವ ಇರೋ ವಸ್ತು. ಒದ್ದೆ ಬಟ್ಟೆ ಹೊದಿಸಿ ಇಟ್ಟಿದ್ರೆ ನಾವು ಜೋರಾಗಿ ಮಾತಾಡೋ ಹಂಗಿಲ್ಲ, ಮಲಗಿದೆ ಅಂತಾಳೆ. ಉಬ್ಬೋಕೆ ಈಸ್ಟ್ ಹಾಕದ ಹಿಟ್ಟನ್ನ ಅವಳು ಹಿಟ್ಟು ಅಂತ ಕರೆಯೋದೇ ಇಲ್ಲ. ಅದು ಹೆಣ.

ಈಗ ಅಕ್ಕನ ವಿಷಯ. ಅಕ್ಕ ಅಂದ್ರೆ ದೊಡ್ಡಮ್ಮನ ಒಬ್ಬಳೇ ಮಗಳು. ಗಣಿತ ಓದಿದಾಳೆ, ಅದರಲ್ಲೂ ಟೊಪಾಲಜಿ ಅಂತ ಒಂದು, ಆಕಾರಗಳ ಲೆಕ್ಕ. ಓದಿದ್ದು ಚೆನ್ನಾಗೇ ಓದಿದ್ಲು. ಕೆಲಸ ಸಿಗಬೇಕಲ್ಲ? ಎರಡು ಕಾಲೇಜಲ್ಲಿ ಕರೆದು, ನಮ್ಮ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಿ ಅಂದ್ರು. ಮಾಡಿದ್ಲು. ಎರಡು ಕಡೆಯೂ ಒಂದೇ ಉತ್ತರ: ನಿಮಗೆ ಬೇಕಾದಷ್ಟು ಗೊತ್ತಮ್ಮ, ಆದ್ರೆ ಮಕ್ಕಳಿಗೆ ತಲುಪ್ತಾ ಇಲ್ಲ. ಈಗ ಮೂರನೇ ಕಾಲೇಜು ಕರೆದಿತ್ತು. ಹೋದ ವಾರ ಊಟಕ್ಕೆ ಕೂತಾಗ ಅಕ್ಕ ತಟ್ಟೆ ನೋಡ್ತಾ, ಇದೂ ಆಗಲಿಲ್ಲ ಅಂದ್ರೆ ಪುಸ್ತಕ ಎಲ್ಲ ಅಟ್ಟಕ್ಕೆ ಹಾಕಿ ನಾನು ಕೌಂಟರಲ್ಲಿ ಕೂತ್ಕೋತೀನಿ ಅಂದ್ಲು. ಅತ್ತು ಹೇಳಿದ್ರೆ ಸಮಾಧಾನ ಮಾಡಬಹುದಿತ್ತು. ಅವಳು ಉಪ್ಪು ಕೊಡಿ ಅನ್ನೋ ಹಂಗೆ ಹೇಳಿದ್ಲು. ದೊಡ್ಡಮ್ಮನ ಕೈ ಬಾಯಿಗೆ ಹೋಗೋ ದಾರಿಯಲ್ಲೇ ನಿಂತ್ಬಿಡ್ತು.

ಅವಳಿಗೆ ಒಂದಲ್ಲ, ಎರಡು ಸಂಕಟ. ಮಗಳ ಓದು ಅಟ್ಟ ಸೇರುತ್ತಲ್ಲ ಅನ್ನೋದು ಒಂದು. ಅಕ್ಕ ಕೌಂಟರಿಗೆ ಬಂದ್ರೆ ಅಂಗಡಿ ಕತೆ ಏನು ಅನ್ನೋದು ಇನ್ನೊಂದು. ಯಾಕಂದ್ರೆ ಹಿಂದೆ ಒಂದು ದಿನ ಕೂರಿಸಿ ನೋಡಿದೀವಿ. ಒಬ್ಬ ಹೆಂಗಸು ಬಂದು ದುಂಡಗಿನ ಬ್ರೆಡ್ ಕೇಳಿದ್ರು. ದುಂಡಗಿಂದು ಖಾಲಿಯಾಗಿತ್ತು. ಅಕ್ಕ ಉದ್ದ ಬ್ರೆಡ್ ಕಟ್ಟಿಕೊಟ್ಟು, ನಿಜವಾಗಿ ನೋಡಿದ್ರೆ ಎರಡೂ ಒಂದೇ ಆಕಾರ ಅಂದ್ಲು. ಆ ಹೆಂಗಸು ನಕ್ಕು ಬಿಡಬಹುದಿತ್ತು. ಆದ್ರೆ ಅಕ್ಕ ಬಿಡಬೇಕಲ್ಲ, ಯಾಕೆ ಒಂದೇ ಅಂತ ವಿವರಿಸೋಕೆ ಶುರು ಮಾಡಿದ್ಲು. ಹಿಂದೆ ಸಾಲು ರಸ್ತೆವರೆಗೂ ಬೆಳೀತು. ಆವತ್ತಿಂದ ಆ ಹೆಂಗಸು ನಮ್ಮ ಅಂಗಡಿ ಮುಂದೆ ಹಾದು ಹೋಗೋವಾಗ ರಸ್ತೆ ದಾಟಿ ಆ ಕಡೆಯಿಂದ ಹೋಗ್ತಾರೆ.

ಹಂಗಾಗಿ ಈ ಸಲ ದೊಡ್ಡಮ್ಮ ತಾನೇ ಮುಂದೆ ಬಿದ್ಲು. ನೀನು ಏನು ಪಾಠ ಮಾಡ್ತೀಯೋ ಅದನ್ನ ಮೊದಲು ನನಗೆ ಮಾಡು, ನನಗೆ ಅರ್ಥವಾದ್ರೆ ಬೆಂಚಿಗೂ ಅರ್ಥವಾಗುತ್ತೆ ಅಂದ್ಲು. ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ತಗಡಿನ ಮೇಜಿಗೆ ಮಗಳನ್ನ ಎಳ್ಕೊಂಡು ಬಂದು ಒಂದು ಉಂಡೆ ಹಿಟ್ಟು ಮುಂದಿಟ್ಲು. ಅಕ್ಕ ಹೇಳಿದ್ದು ಇಷ್ಟು: ಹಿಟ್ಟನ್ನ ಒತ್ತಬಹುದು, ಎಳೀಬಹುದು, ಬಗ್ಗಿಸಬಹುದು, ಉಬ್ಬಿಸಬಹುದು. ಹರಿಯೋ ಹಂಗಿಲ್ಲ, ಅಂಟಿಸೋ ಹಂಗಿಲ್ಲ. ಇಷ್ಟರಲ್ಲಿ ಒಂದು ಆಕಾರದಿಂದ ಇನ್ನೊಂದು ಆಕಾರಕ್ಕೆ ಹೋಗಿ, ಬಂದ ದಾರಿಯಲ್ಲೇ ವಾಪಸ್ ಬರೋಕಾದ್ರೆ ಅವೆರಡೂ ಒಂದೇ.

ದೊಡ್ಡಮ್ಮ ತಲೆ ಆಡಿಸಿದ್ಲು. ಬನ್ನು ತಟ್ಟೆಯಾಯ್ತು, ತಟ್ಟೆ ಬಟ್ಟಲಾಯ್ತು, ಎಲ್ಲ ಒಂದೇ, ಸರಿ. ಆಮೇಲೆ ಅಕ್ಕ ನಡುವೆ ತೂತಿರೋ ರಿಂಗ್ ಬನ್ನೂ ಹಿಡಿ ಇರೋ ಟೀ ಕಪ್ಪೂ ಒಂದೇ ಅಂದ್ಲು. ದೊಡ್ಡಮ್ಮ ಬಟ್ಟಲಿಗೆ ಒಂದು ಹಿಡಿ ಮಾಡಿ ಪಕ್ಕಕ್ಕೆ ತಟ್ಟಿ ಅಂಟಿಸಿದ್ಲು, ತಗೋ ಕಪ್ಪು ಅಂತ.

"ಅಮ್ಮ, ಅಂಟಿಸಿದೆ."

"ಅಂಟಿಸದೆ ಹಿಡಿ ಏನು ಮರದಲ್ಲಿ ಬಿಡುತ್ತಾ?"

ಅಕ್ಕ ಆ ಹಿಡೀನ ಕಿತ್ತು ಪಕ್ಕಕ್ಕಿಟ್ಲು. ಒಂದು ರಿಂಗ್ ತಗೊಂಡ್ಲು. ಅದರ ಒಂದು ಕಡೆ ದಪ್ಪ ಇತ್ತಲ್ಲ, ಅಲ್ಲಿ ಬೆರಳಿಟ್ಟು ಗುಳಿ ಮಾಡಿದ್ಲು. ಗುಳೀನ ಅಗಲ ಮಾಡ್ತಾ ಹೋದ್ಲು, ಅದು ಬಟ್ಟಲಾಯ್ತು. ಉಳಿದ ಕಡೆ ತೆಳ್ಳಗೆ ಎಳೆದ್ಲು, ಅದು ಹಿಡಿಯಾಯ್ತು. ರಿಂಗಿನ ತೂತು ಎಲ್ಲಿತ್ತೋ ಅಲ್ಲೇ ಇದೆ, ಈಗ ಅದರಲ್ಲಿ ಬೆರಳು ತೂರಿಸಿ ಕಪ್ಪು ಎತ್ತಬಹುದು. ದೊಡ್ಡಮ್ಮ ಬಗ್ಗಿ ಆ ತೂತಲ್ಲಿ ಬೆರಳು ತೂರಿಸಿ ನೋಡಿದ್ಲು. ಕಪ್ಪನ್ನ ಇಸ್ಕೊಂಡು ತಾನೇ ರಿಂಗ್ ಮಾಡಿದ್ಲು, ರಿಂಗನ್ನ ಕಪ್ಪು ಮಾಡಿದ್ಲು, ಮತ್ತೆ ರಿಂಗು, ಮತ್ತೆ ಕಪ್ಪು. ಗಿರಾಕಿ ಬಂದು ಕರೆದ್ರೂ ಕೇಳಿಸಲಿಲ್ಲ. ದೊಡ್ಡಪ್ಪ ಓವನ್ ಕಡೆಯಿಂದ ಇಣುಕಿ ನೋಡಿ, ತಾವೇ ಹೋಗಿ ವ್ಯಾಪಾರ ಮಾಡಿದ್ರು. ಅದೇ ದೊಡ್ಡ ಸುದ್ದಿ.

ಆವತ್ತಿಂದ ಅವಳ ಕಣ್ಣಿಗೆ ಬೀದಿಯಲ್ಲಿರೋದೆಲ್ಲ ಬರೀ ತೂತು. ಸೂಜಿ, ಬಳೆ, ಪೈಪು ಒಂದು ತೂತಿನ ಗುಂಪು. ಕತ್ತರಿ, ಗಾಜು ಕಿತ್ತ ಕನ್ನಡಕ ಎರಡು ತೂತಿನ ಗುಂಪು. ಎದುರುಗಡೆ ಕಟಿಂಗ್ ಅಂಗಡಿ ಅಣ್ಣ ಟೀ ಜೊತೆ ಬನ್ನು ತಿನ್ನೋಕೆ ಬಂದಾಗ ಅವನ ಜೇಬಲ್ಲಿದ್ದ ಬಾಚಣಿಗೆ ತೋರಿಸಿ, ಇದಕ್ಕೆ ಹಲ್ಲಿದೆ, ತೂತಿಲ್ಲ, ಆದ್ದರಿಂದ ಇದೂ ನಿನ್ನ ಕೈಯಲ್ಲಿರೋ ಬನ್ನೂ ಒಂದೇ ಅಂದ್ಲು. ಅಣ್ಣ ಬನ್ನನ್ನ ತಿರುಗಿಸಿ ತಿರುಗಿಸಿ ನೋಡಿದ.

"ಅದಕ್ಕೇ ಅಮ್ಮಾವ್ರೇ, ಹೋದ ವಾರದ ಬನ್ನಲ್ಲಿ ಕೂದಲು ಸಿಕ್ಕಿದ್ದು."

ದೊಡ್ಡಮ್ಮ ಅವನಿಗೆ ಆಮೇಲೆ ಎರಡು ದಿನ ಬೆಣ್ಣೆ ಹಚ್ಚಿ ಕೊಡಲಿಲ್ಲ.

ನಿನ್ನೆ ಅಕ್ಕ ಕೊನೇ ಮಾತು ಹೇಳಿದ್ಲು. ಕ್ಲಾಸಲ್ಲಿ ಮಕ್ಕಳ ಕೈಗೂ ಹಿಟ್ಟು ಕೊಡ್ತೀನಿ. ಮೇಜಿನ ಮೇಲೆ ಒಂದು ಬನ್ನು, ಒಂದು ರಿಂಗು ಪಕ್ಕಪಕ್ಕ ಇಟ್ಟಿರ್ತೀನಿ. ಇವೆರಡು ಮಾತ್ರ ಏನು ಮಾಡಿದ್ರೂ ಒಂದಾಗಲ್ಲ ಅಂತ ಕೊನೆಗೆ ತೋರಿಸ್ತೀನಿ. ಎಲ್ಲ ಹಸಿ ಹಿಟ್ಟು. ಈಸ್ಟ್ ಹಾಕಬೇಡ. ದೊಡ್ಡಮ್ಮ ಹೂಂ ಅಂದ್ಲು. ನಾನೇ ಕೇಳಿಸ್ಕೊಂಡೆ, ಹೂಂ ಅಂದ್ಲು.

ಇವತ್ತು ಬೆಳಿಗ್ಗೆ ಸ್ಕೂಟರ್ ನಾನು ಓಡಿಸಿದೆ. ಅಕ್ಕ ಮೊದಲೇ ಬಸ್ಸಲ್ಲಿ ಹೋಗಿದ್ಲು. ಹಿಂದಿನ ಸೀಟಲ್ಲಿ ದೊಡ್ಡಮ್ಮ, ತೊಡೆ ಮೇಲೆ ದೊಡ್ಡ ಸ್ಟೀಲ್ ಡಬ್ಬಿ. ಒಳಗೆ ಒದ್ದೆ ಬಟ್ಟೆ ಹೊದ್ದ ಹಿಟ್ಟು. ಸ್ಪೀಡ್ ಬ್ರೇಕರ್ ಬಂದಾಗೆಲ್ಲ ನನ್ನ ಭುಜ ಚಿವುಟ್ತಾ ಇದ್ಲು, ಅಲುಗಿಸಬೇಡ ಅಂತ. ಡಬ್ಬಿ ಕೊಟ್ಟು ಬಂದ್ಬಿಡಿ ಅಂತ ಅಕ್ಕ ಹೇಳಿದ್ಲು. ಆದ್ರೆ ದೊಡ್ಡಮ್ಮ ಏಪ್ರನ್ ಸಮೇತ ಕ್ಲಾಸಿನ ಕೊನೇ ಬೆಂಚಲ್ಲಿ ಹೋಗಿ ಕೂತೇಬಿಟ್ಲು. ಅವಳನ್ನ ಬಿಟ್ಟು ಹೋಗೋದು ಹೆಂಗೆ, ನಾನೂ ಪಕ್ಕ ಕೂತೆ. ಅಕ್ಕ ನಮ್ಮನ್ನ ನೋಡಿ ಒಂದು ಸಲ ಕಣ್ಣು ಮುಚ್ಚಿ ತೆಗೆದ್ಲು.

ಪ್ರಿನ್ಸಿಪಾಲರು ಬರೋದು ತಡವಾಯ್ತು. ಬಹಳ ತಡವಾಯ್ತು. ಡಬ್ಬಿ ಕಿಟಕಿ ಪಕ್ಕದ ಮೇಜಿನ ಮೇಲೆ, ಬಿಸಿಲು ನೇರವಾಗಿ ಅದರ ಮೇಲೆ. ದೊಡ್ಡಮ್ಮ ಮೊದಲು ಡಬ್ಬಿ ನೋಡಿದ್ಲು, ಆಮೇಲೆ ಬಿಸಿಲು ನೋಡಿದ್ಲು, ಆಮೇಲೆ ಏಪ್ರನ್ನಿನ ಅಂಚು ಸುತ್ತೋಕೆ ಶುರು ಮಾಡಿದ್ಲು. ಏನಾಯ್ತು ಅಂತ ಕೇಳಿದೆ. ಏನಿಲ್ಲ ಕೂತ್ಕೊಳ್ಳೇ ಅಂದ್ಲು.

ಕೊನೆಗೂ ಪ್ರಿನ್ಸಿಪಾಲರು ಬಂದ್ರು, ಜೊತೆಗೆ ಗಣಿತದ ಹಿರಿಯ ಮೇಷ್ಟ್ರೊಬ್ಬರು. ಹಳೇ ಕಾಲದವರು, ತೋಳಿಲ್ಲದ ಸ್ವೆಟರ್ ಹಾಕಿದ್ರು, ಮುಖದಲ್ಲಿ ನಗುವಿಗೆ ಜಾಗವೇ ಬಿಟ್ಟಿರಲಿಲ್ಲ. ಕೆಲಸ ಕೊಡೋದು ಬಿಡೋದು ಅವರ ಮಾತಿನ ಮೇಲೆ ಅಂತ ಆಮೇಲೆ ಗೊತ್ತಾಯ್ತು.

ಅಕ್ಕ ಡಬ್ಬಿ ತೆಗೆದು, ಒಂದು ಬನ್ನು ಒಂದು ರಿಂಗು ಅದೇ ಬಿಸಿಲಿನ ಮೇಜಿನ ಮೇಲಿಟ್ಟು, ಮಕ್ಕಳಿಗೆ ಒಂದೊಂದು ಸಣ್ಣ ರಿಂಗು ಹಂಚಿ, ಬೋರ್ಡಿನ ಕಡೆ ತಿರುಗಿ ಹರಿಯಬಾರದು, ಅಂಟಿಸಬಾರದು ಅಂತ ಬರೆದ್ಲು. ಸೀಮೆಸುಣ್ಣ ಎರಡು ಸಲ ಮುರೀತು. ಆದ್ರೆ ಇನ್ನೊಂದು ರಿಂಗಿಂದ ಕಪ್ಪು ಮಾಡಿದ್ಲು ನೋಡಿ, ಕ್ಲಾಸು ಅವಳ ಕಡೆಗೆ ಬಂತು. ಬೆಂಚು ಬೆಂಚಲ್ಲೂ ಕಪ್ಪುಗಳು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನ ಕಪ್ಪಲ್ಲಿ ಪಕ್ಕದವಳಿಗೆ ಸುಳ್ಳುಸುಳ್ಳೇ ಟೀ ಕೊಡ್ತಾ ಇದ್ಲು.

ಸ್ವೆಟರ್ ಮೇಷ್ಟ್ರು ಕೈ ಎತ್ತಿದ್ರು. ನನ್ನ ಈ ಸ್ವೆಟರಿಗೆ ಎಷ್ಟು ತೂತು ಅಂತ ಕೇಳಿದ್ರು. ಮಕ್ಕಳು ನಾಲ್ಕು ಅಂತ ಕೂಗಿದ್ವು: ಕುತ್ತಿಗೆ, ಎರಡು ತೋಳು, ಕೆಳಗೆ ಸೊಂಟ. ಅಕ್ಕ ಬಾಯಿ ನಾಲ್ಕು, ತೂತು ಮೂರು ಅಂದ್ಲು. ಸೊಂಟದ ಬಾಯಿ ಹಿಡಿದು ಸುತ್ತಲೂ ಎಳೆದು ಎಳೆದು ಚಾಪೆ ಥರ ನೆಲಕ್ಕೆ ಹಾಸಿದ್ರೆ ಅದು ಚಾಪೆಯ ಅಂಚಾಗುತ್ತೆ. ಒಳಗೆ ಉಳಿಯೋದು ಮೂರೇ ತೂತು. ಮೇಷ್ಟ್ರು ಒಪ್ಪಿದ್ರು ಅನ್ನೋ ಹಂಗೆ ಗದ್ದ ಒಂದಿಷ್ಟು ಇಳಿಸಿದ್ರು. ಅಷ್ಟಕ್ಕೆ ಬಿಡಬಾರದಾ? ನಮ್ಮ ಬೆಂಚಿಂದ ದೊಡ್ಡಮ್ಮನ ಸಣ್ಣ ಧ್ವನಿ ಹೋಯ್ತು.

"ಕಂಕುಳ ಹತ್ರ ಇನ್ನೊಂದಿದೆ ಸಾರ್."

ಕ್ಲಾಸು ಬಿದ್ದು ಬಿದ್ದು ನಕ್ತು. ಮೇಷ್ಟ್ರು ತೋಳೆತ್ತಿ ನೋಡ್ಕೊಂಡ್ರು. ಇತ್ತು.

ಆ ನಗುವಲ್ಲೇ ಅಕ್ಕ ಮೇಜಿನ ಕಡೆ ಬಂದ್ಲು. ಈಗ ಮುಖ್ಯ ವಿಷಯ, ಈ ಬನ್ನು ಮತ್ತು ಈ ರಿಂಗು, ಏನು ಮಾಡಿದ್ರೂ ಎಷ್ಟು ಕಾದ್ರೂ ಒಂದಾಗಲ್ಲ ಅಂತ ಹೇಳಿ ಎರಡನ್ನೂ ಎತ್ತಿ ಹಿಡಿದ್ಲು.

ಎರಡು ಬನ್ನು.

ಎಡಗೈಯಲ್ಲಿ ಒಂದು ದಪ್ಪ ಬನ್ನು, ಬಲಗೈಯಲ್ಲಿ ಇನ್ನೂ ದಪ್ಪ ಬನ್ನು. ತೂತು ಇದ್ದ ಜಾಗದಲ್ಲಿ ಹೊಕ್ಕುಳ ಥರ ಒಂದು ಗುಳಿ. ಪಕ್ಕದಲ್ಲಿ ದೊಡ್ಡಮ್ಮ ಏಪ್ರನ್ ಎತ್ತಿ ಮುಖಕ್ಕೆ ಮುಚ್ಕೊಂಡ್ಲು. ಆಗ ನನಗೆ ಗೊತ್ತಾಯ್ತು, ಇವಳು ಈಸ್ಟ್ ಹಾಕಿದಾಳೆ.

ಮಕ್ಕಳ ನಗು ನಿಲ್ತಾನೇ ಇಲ್ಲ. ಸ್ವೆಟರ್ ಮೇಷ್ಟ್ರು ನಗಲಿಲ್ಲ. ಯಾರೂ ಹರಿಯಲಿಲ್ಲ, ಯಾರೂ ಅಂಟಿಸಲಿಲ್ಲ, ಸುಮ್ಮನೆ ಇಟ್ಟಿದ್ದಕ್ಕೇ ರಿಂಗು ಬನ್ನಾಯ್ತಲ್ಲಮ್ಮ, ಹಂಗಾದ್ರೆ ಎರಡೂ ಒಂದೇನಾ ಅಂತ ಕೇಳಿದ್ರು. ಪ್ರಿನ್ಸಿಪಾಲರು ಗಡಿಯಾರ ನೋಡ್ಕೊಂಡ್ರು. ಅಕ್ಕನ ಮುಖ ನಾನು ನೋಡಿದೆ. ಹೋದ ವಾರ ತಟ್ಟೆ ನೋಡ್ತಾ ಇದ್ದಳಲ್ಲ, ಅದೇ ಮುಖ.

ದೊಡ್ಡಮ್ಮ ಎದ್ದು ನಿಂತ್ಲು.

"ಸಾರ್, ಅವಳ ತಪ್ಪಲ್ಲ. ಈಸ್ಟ್ ಹಾಕಬೇಡ ಅಂದಿದ್ಲು. ನಾನೇ ಒಂದು ಚಿಟಿಕೆ ಹಾಕಿದೆ. ಮಗಳು ಕೆಲಸ ಕೇಳೋಕೆ ಹೋಗ್ತಾಳೆ, ಕೈಗೆ ಹೆಣ ಕೊಟ್ಟು ಕಳಿಸ್ಲಾ ಸಾರ್?"

ಹೆಣ ಅಂದಿದ್ದಕ್ಕೆ ಪ್ರಿನ್ಸಿಪಾಲರು ಬಾಗಿಲ ಕಡೆ ನೋಡಿದ್ರು. ಅಕ್ಕ ಮಾತ್ರ ಕೈಯಲ್ಲಿದ್ದ ಹಿಟ್ಟನ್ನೇ ನೋಡ್ತಾ ಇದ್ಲು. ಬಯ್ಯಬಹುದು ಅಂದ್ಕೊಂಡೆ, ಬಯ್ಯಲಿಲ್ಲ. ಮೆಲ್ಲಗೆ, ಮನೆಯಲ್ಲಿ ಕೇಳೋ ಹಂಗೆ ಕೇಳಿದ್ಲು.

"ಅಮ್ಮ, ತೂತು ಎಲ್ಲಿ ಹೋಯ್ತು?"

"ಎಲ್ಲಿ ಹೋಗುತ್ತೆ? ಉಬ್ಬಿತು. ಈ ಕಡೆ ಗೋಡೆ ಬಂದು ಆ ಕಡೆ ಗೋಡೆಗೆ ಅಂಟ್ಕೊಂಡ್ತು."

ಅಕ್ಕ ತಿರುಗಿ ಬೋರ್ಡಲ್ಲಿ ತಾನೇ ಬರೆದಿದ್ದ ಅಂಟಿಸಬಾರದು ಅನ್ನೋದರ ಕೆಳಗೆ ಒಂದು ಗೆರೆ ಎಳೆದ್ಲು. ಅಂಟಿಸಿದ್ದು ಕೈಯೋ ಈಸ್ಟೋ ಬಿಸಿಲೋ, ನಿಯಮ ಅದನ್ನ ಕೇಳಲ್ಲ ಅಂದ್ಲು. ತೂತು ಸೂಜಿಯಷ್ಟಾದ್ರೂ, ಕೂದಲಿನಷ್ಟಾದ್ರೂ ಅಲ್ಲೀವರೆಗೆ ಇದು ರಿಂಗೇ. ಆ ಕಡೆ ಗೋಡೆಯ ಒಂದು ಚುಕ್ಕಿ, ಈ ಕಡೆ ಗೋಡೆಯ ಒಂದು ಚುಕ್ಕಿ, ಅವೆರಡು ಸೇರಿ ಒಂದೇ ಚುಕ್ಕಿಯಾದ ಕ್ಷಣ ಇದು ರಿಂಗಿನ ಗುಂಪು ಬಿಡ್ತು. ವಾಪಸ್ ಬರಬೇಕು ಅಂದ್ರೆ ಹರಿಯಲೇಬೇಕು.

ಆ ಟೀ ಕೊಡ್ತಿದ್ದ ಹುಡುಗಿ ಒಳ್ಳೆ ಪ್ರಶ್ನೆ ಕೇಳಿದ್ಲು. ಮಿಸ್, ಅದು ನಿಜವಾಗಿ ಅಂಟ್ಕೊಂಡಿದೆಯಾ, ಇಲ್ಲ ಸುಮ್ಮನೆ ತಾಗಿ ನಿಂತಿದೆಯಾ, ಗೊತ್ತಾಗೋದು ಹೆಂಗೆ? ಮೇಷ್ಟ್ರು ಮುಂದಕ್ಕೆ ಬಾಗಿ ಕೂತ್ರು. ಅವರಿಗೂ ಅದೇ ಬೇಕಿತ್ತು ಅನ್ಸುತ್ತೆ. ಅಕ್ಕ ದೊಡ್ಡಮ್ಮನ್ನ ಮುಂದೆ ಕರೆದ್ಲು. ಹರಿಯುತ್ತೋ, ತಾನಾಗೇ ಬಿಟ್ಕೊಳ್ಳುತ್ತೋ ಎಲ್ಲರಿಗೂ ಕಾಣೋ ಹಂಗೆ ಮೆಲ್ಲಗೆ ಬಿಡಿಸು ಅಂದ್ಲು.

ಇಡೀ ಕ್ಲಾಸು ಮೇಜಿನ ಸುತ್ತ ಬಂತು. ದೊಡ್ಡಮ್ಮ ಎರಡು ಹೆಬ್ಬೆರಳು ಗುಳಿಯಲ್ಲಿಟ್ಟು, ಉಸಿರು ಹಿಡಿದು, ನಿದ್ದೆ ಮಾಡೋ ಮಗುವಿನ ಕೈಯಿಂದ ಗಿಲಕಿ ಬಿಡಿಸೋ ಹಂಗೆ ಎಳೆದ್ಲು. ಮೊದಲು ಮೇಲ್ಮೈ ಸುಲಭವಾಗಿ ಬಿಡ್ತು. ಅಲ್ಲಿ ಬರೀ ತಾಗಿತ್ತು. ಅಕ್ಕ ಮೇಜಿನ ಅಂಚು ಹಿಡ್ಕೊಂಡ್ಲು. ಪೂರ್ತಿ ಹಿಂಗೇ ಬಿಟ್ಕೊಂಡ್ರೆ ಅವಳು ಇಷ್ಟು ಹೊತ್ತು ಹೇಳಿದ್ದೆಲ್ಲ ನೀರುಪಾಲು. ದೊಡ್ಡಮ್ಮ ಇನ್ನೂ ಸ್ವಲ್ಪ ಎಳೆದ್ಲು. ಒಳಗೆ ಎಳೆ ಎಳೆಯಾಗಿ, ಜೇಡರ ಬಲೆ ಥರ, ಹಿಟ್ಟು ಚಾಚ್ಕೊಂಡು ಬಂತು. ಒಂದೊಂದೇ ಎಳೆ ಪಟ್ ಪಟ್ ಅಂತ ಕಿತ್ತುಹೋಯ್ತು.

"ಹರೀತು," ಅಂದ್ರು ಮೇಷ್ಟ್ರು, ಯಾರಿಗೂ ಅಲ್ಲ, ತಮಗೇ.

ಆ ಹುಡುಗಿ ಪಕ್ಕದವಳಿಗೆ ವಿವರಿಸ್ತಾ ಇದ್ಲು, ಅವಳು ಹಿಂದಿನವಳಿಗೆ. ಅಕ್ಕ ಕೈ ಕಟ್ಟಿ ಸುಮ್ಮನೆ ನಿಂತಿದ್ಲು, ಪಾಠ ಅದರ ಪಾಡಿಗೆ ನಡೀತಾ ಇತ್ತು. ಇಂಥದ್ದು ಆ ಎರಡು ಕಾಲೇಜಲ್ಲಿ ಆಗಿರಲಿಲ್ಲ.

ನಾವು ವಾಪಸ್ ಬರೋವಾಗ ಅಕ್ಕನೂ ಅದೇ ಸ್ಕೂಟರಲ್ಲಿ ಹತ್ತಿದ್ಲು, ಮೂರು ಜನ ಮತ್ತು ಡಬ್ಬಿ. ಪೊಲೀಸರಿಗೆ ಹೇಳಬೇಡಿ. ದಾರಿಯುದ್ದಕ್ಕೂ ದೊಡ್ಡಮ್ಮ ಡಬ್ಬಿ ಮುಚ್ಚಳ ತೆಗೆದು ತೆಗೆದು ಹಿಟ್ಟು ಒತ್ತಿ ನೋಡ್ತಾನೇ ಇದ್ಲು. ಅಂಗಡಿಗೆ ಬಂದವಳೇ ಆ ಹಿಟ್ಟನ್ನೆಲ್ಲ ಟ್ರೇಗೆ ಹಾಕಿ ಓವನ್ನಿಗೆ ಕೊಟ್ಲು, ಮಕ್ಕಳು ಮುಟ್ಟಿದ್ದು ಅಂತ ಹೇಳಿದ್ರೂ ಕೇಳಲಿಲ್ಲ, ಅರ್ಧ ಬೆಳೆದಿದ್ದನ್ನ ಬಿಸಾಕೋಕಾಗಲ್ಲ ಅಂದ್ಲು. ಮಧ್ಯಾಹ್ನವೆಲ್ಲ ಫೋನ್ ಕಡೆ ನೋಡೋದು, ಮೇಜು ಒರೆಸೋದು. ಒರೆಸಿ ಒರೆಸಿ ತಗಡು ಕನ್ನಡಿಯಾಯ್ತು.

ಸಂಜೆ ಅಕ್ಕನಿಗೆ ಫೋನ್ ಬಂತು. ಕಾಲೇಜಿಂದ. ಅಕ್ಕ ಹೂಂ ಸಾರ್, ಹೂಂ ಸಾರ್ ಅಂತಾ ನಡೀತಾ ಹೋಗಿ ಕೌಂಟರಿಗೆ ಡಿಕ್ಕಿ ಹೊಡೆದ್ಲು. ಸೋಮವಾರದಿಂದ ಬನ್ನಿ ಅಂದ್ರಂತೆ. ಸದ್ಯಕ್ಕೆ ಒಂದು ವರ್ಷಕ್ಕೆ, ಆಮೇಲೆ ನೋಡೋಣ. ಸ್ವೆಟರ್ ಮೇಷ್ಟ್ರು ಇನ್ನೊಂದು ಮಾತು ಸೇರಿಸಿದ್ರಂತೆ: ಮೊದಲ ದಿನಕ್ಕೆ ಎರಡು ಥರದ ಹಿಟ್ಟು ಬೇಕು, ಉಬ್ಬೋದು ಒಂದು, ಉಬ್ಬದೇ ಇರೋದು ಒಂದು. ಉಬ್ಬದೇ ಇರೋದನ್ನ ಯಾರಾದ್ರೂ ಬೇರೆಯವರ ಕೈಲಿ ಮಾಡಿಸಿದ್ರೆ ಒಳ್ಳೇದು.

ಆ ಕೊನೇ ಮಾತು ದೊಡ್ಡಮ್ಮನಿಗೆ ಚುಚ್ತು. ಸಂತೋಷಪಡೋದು ಬಿಟ್ಟು, ಯಾಕೆ, ನನ್ನ ಕೈ ನನ್ನ ಮಾತು ಕೇಳಲ್ವಾ ಅಂತ ಹಿಡ್ಕೊಂಡ್ಲು. ಅಕ್ಕ ನಕ್ಕು ಅಪ್ಪಿಕೊಂಡ್ರೂ ಬಿಡಲಿಲ್ಲ. ದೊಡ್ಡಪ್ಪ ಓವನ್ ಕಡೆಯಿಂದ ತಲೆ ಹೊರಗೆ ಹಾಕಿದ್ರು.

"ಕೇಳಲ್ಲ," ಅಂದ್ರು. ಇವತ್ತು ಅವರಾಡಿದ್ದು ಅದೊಂದೇ ಮಾತು.

ಅಂಗಡಿ ಮುಚ್ಚೋ ಹೊತ್ತಾಯ್ತು. ದೊಡ್ಡಮ್ಮ ಈಸ್ಟ್ ಡಬ್ಬಿ ತಗೊಂಡು ಹೋಗಿ ದೊಡ್ಡಪ್ಪನ ಕೈಗೆ ಕೊಟ್ಟು, ಇದು ನನ್ನ ಕೈಗೆ ಸಿಗಬಾರದು, ಹೋಗಿ ರಸ್ತೆ ಆ ಕಡೆ ನಿಂತ್ಕೊಳ್ರೀ ಅಂದ್ಲು. ಅವರು ಹೋಗಿ ಕಟಿಂಗ್ ಅಂಗಡಿ ಮೆಟ್ಟಿಲ ಮೇಲೆ ಡಬ್ಬಿ ಎದೆಗವಚಿಕೊಂಡು ಕೂತ್ರು. ಇವಳು ಮೈದಾ ಸುರಿದು, ನೀರು ಹಾಕಿ, ಉಪ್ಪು ಹಾಕಿ, ಹಲ್ಲು ಕಚ್ಚಿ ನಾದಿದ್ಲು. ನಾದೋವಾಗ ಮುಖ ನೋಡಬೇಕಿತ್ತು, ನಿಜವಾಗಿಯೂ ಸಾವಿನ ಮನೆಗೆ ಬಂದವಳ ಥರ. ಉಂಡೆ ಕಟ್ಟಿದ್ಲು, ರಿಂಗ್ ಮಾಡಿದ್ಲು. ಮಗಳನ್ನ ಕರೆದು, ಬೆಳಿಗ್ಗೆ ಬಂದು ನೋಡು, ತೂತು ಹಿಂಗೇ ಇರುತ್ತೆ ಅಂದ್ಲು. ಹೆಣವಾದ್ರೂ ಅದರ ಮೇಲೂ ಒದ್ದೆ ಬಟ್ಟೆ ಹೊದಿಸಿದ್ಲು. ರಸ್ತೆ ಆ ಕಡೆ ಇದ್ದ ಗಂಡನಿಗೆ ಬನ್ನಿ ಅಂತ ಕೈ ಬೀಸಿ, ಶಟರ್ ಎಳೆದ್ಲು.